ಕಾಡಿನ ಎಲೆಮಿಡತೆ, ರಕ್ತದ ವಿಟಮಿನ್ ಡಿ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ವಾರವಿಡೀ ರಕ್ತದ ಟ್ಯೂಬುಗಳ ನಡುವೆ ಇರುತ್ತೇನೆ. ಶನಿವಾರ ಸಂಜೆ ಕಲಘಟಗಿ ಬಸ್ ಹತ್ತಿ ಅಜ್ಜಿಯ ಊರಿಗೆ ಹೋಗುತ್ತೇನೆ. ರಾತ್ರಿ ಕಾಡಿನಂಚಿನಲ್ಲಿ ಕೂತು ಎಲೆಮಿಡತೆಗಳ ದನಿ ಕೇಳಿ, ಎಷ್ಟು ಬಗೆ ಅಂತ ವಹಿಯಲ್ಲಿ ಬರೆದಿಡುತ್ತೇನೆ. ಲ್ಯಾಬಿಗೆ ಬಂದವರು ವಿಟಮಿನ್ ಡಿ ಬಗ್ಗೆ ಕೇಳುತ್ತಾರೆ. ಊರಿನವರು ಮಿಡತೆ ಬಗ್ಗೆ ಕೇಳುತ್ತಾರೆ. ಎರಡೂ ಕಡೆ ಕೊನೆಗೆ ಬರುವ ಮಾತು ಒಂದೇ: "ನೀವು ಹೇಳೋ ಲೆಕ್ಕ ಖರೆ ಅಂತ ಹೆಂಗ ನಂಬೂದ್ರಿ?" ಅದಕ್ಕೇ ಎರಡನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಹೇಳಬಲ್ಲೆ. ಔಷಧದ ತೀರ್ಮಾನ ನಿಮ್ಮ ಡಾಕ್ಟರದ್ದೇ.

ವಿಟಮಿನ್ ಡಿ ಒಂದು ಲ್ಯಾಬಿನಲ್ಲಿ 18, ಇನ್ನೊಂದರಲ್ಲಿ 24 ಬಂತು. ಯಾವುದು ಖರೆ?

ಇದು ನನಗೂ ಆಗಿದೆ. ಒಮ್ಮೆ ನನ್ನ ಒಂದೇ ಕೈಯಿಂದ, ಒಂದೇ ಸಲಕ್ಕೆ ಎರಡು ಟ್ಯೂಬ್ ರಕ್ತ ತೆಗೆಸಿ ಎರಡು ಕಡೆ ಕಳಿಸಿದೆ. ಒಂದರಲ್ಲಿ 18.2 ಬಂತು, ಇನ್ನೊಂದರಲ್ಲಿ 23.6. ಮೊದಲನೆಯ ರಿಪೋರ್ಟಿನಲ್ಲಿ "ಕೊರತೆ" ಅಂತ ದಪ್ಪ ಅಕ್ಷರದಲ್ಲಿತ್ತು. ಎರಡನೆಯದರಲ್ಲಿ "ಸಾಲದು" ಅಂತ ಇತ್ತು. ಎರಡೂ ಲ್ಯಾಬಿನವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು.

ಇದಕ್ಕೊಂದು ಸಣ್ಣ ಲೆಕ್ಕ ಇದೆ. ವಿಟಮಿನ್ ಡಿ ಟೆಸ್ಟುಗಳನ್ನು ಒಂದೇ ಹಳಿಗೆ ತರಬೇಕು ಅಂತ 2010ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆಯೊಂದರ ಮುಂದಾಳತ್ವದಲ್ಲಿ ಒಂದು ಅಂತರರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಅದು ಸಾಮಾನ್ಯ ಲ್ಯಾಬುಗಳಿಗೆ ಹಾಕಿದ ಗುರಿ ಹೀಗಿದೆ: ಅದೇ ಸ್ಯಾಂಪಲ್ ಮತ್ತೆ ಮತ್ತೆ ಓಡಿಸಿದಾಗ ಬರುವ ಏರುಪೇರು ಶೇ 10ರ ಒಳಗಿರಬೇಕು, ನಿಜವಾದ ಅಳತೆಯಿಂದ ಸರಾಸರಿ ವಾಲಿಕೆ ಶೇ 5ರ ಒಳಗಿರಬೇಕು. ಏರುಪೇರು ಶೇ 10 ಅಂದರೆ, ಸಂಖ್ಯೆ ಎರಡೂ ಕಡೆ ಅದರ ಎರಡು ಪಟ್ಟಿನವರೆಗೆ ಸರಿಯಬಹುದು: ನಿಮ್ಮ ನಿಜವಾದ ಮಟ್ಟ 20 ಇದ್ದರೂ ರಿಪೋರ್ಟಿನಲ್ಲಿ 16ರಿಂದ 24ರವರೆಗೆ ಯಾವ ಸಂಖ್ಯೆಯಾದರೂ ಬರಬಹುದು. ಅದೂ ಗುರಿ ಮುಟ್ಟಿದ ಒಳ್ಳೆಯ ಲ್ಯಾಬಿನಲ್ಲಿ. ಹಾಗಾಗಿ 18 ಮತ್ತು 24 ಜಗಳ ಆಡುತ್ತಿಲ್ಲ. ಎರಡೂ "20ರ ಆಸುಪಾಸು" ಅಂತಲೇ ಹೇಳುತ್ತಿವೆ.

ಆದರೆ ಒಂದರಲ್ಲಿ 12, ಇನ್ನೊಂದರಲ್ಲಿ 40 ಬಂದರೆ ಸುಮ್ನೆ ಬಿಡಬೇಡಿ. ಅಲ್ಲಿ ಏನೋ ತಪ್ಪಿದೆ. ಯೂನಿಟ್ ಒಂದೇ ಇದೆಯಾ ಅಂತ ಮೊದಲು ನೋಡಿ. ನಮ್ಮಲ್ಲಿ ಹೆಚ್ಚಾಗಿ ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಅಂತ ಕೊಡುತ್ತಾರೆ. ವಿದೇಶದ ಕೆಲವು ರಿಪೋರ್ಟುಗಳಲ್ಲಿ ಲೀಟರಿಗೆ ನ್ಯಾನೊಮೋಲ್ ಅಂತ ಇರುತ್ತದೆ. ನಮ್ಮ 20 ಅಂದರೆ ಅವರ 50. ಮಗ ಬೇರೆ ದೇಶದಲ್ಲಿ ಮಾಡಿಸಿದ ರಿಪೋರ್ಟಿನಲ್ಲಿ 50 ನೋಡಿ, "ನನಗಿಂತ ಅವನಿಗೇ ಜಾಸ್ತಿ ಐತಿ" ಅಂದ ಗದಗಿನ ಅಜ್ಜಿಯೊಬ್ಬರ ಸಂಖ್ಯೆ 21 ಇತ್ತು. ಇಬ್ಬರದೂ ಒಂದೇ!

ಟೆಸ್ಟ್ ಅಳೆಯುವುದು ಏನನ್ನು?

ವಿಟಮಿನ್ ಡಿಯನ್ನೇ ನೇರವಾಗಿ ಅಲ್ಲ. ಚರ್ಮದಲ್ಲಿ ಹುಟ್ಟಿದ ಅಥವಾ ಊಟ, ಗುಳಿಗೆಯಿಂದ ಬಂದ ವಿಟಮಿನ್ ಡಿ ಲಿವರಿಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಇದು ದೇಹದ ಉಗ್ರಾಣದ ಲೆಕ್ಕ ಇದ್ದ ಹಾಗೆ. ಅರ್ಧ ಖರ್ಚಾಗಲು ಎರಡು ಮೂರು ವಾರ ಬೇಕು. ನಾವು ಅಳೆಯುವುದು ಇದನ್ನು. ಆಮೇಲೆ ಕಿಡ್ನಿಯಲ್ಲಿ ಅದು 1,25-ಡೈಹೈಡ್ರಾಕ್ಸಿ ಆಗುತ್ತದೆ. ಕೆಲಸ ಮಾಡುವ ರೂಪ ಅದೇ. ಹಾಗಾದರೆ ಅದನ್ನೇ ಅಳೆಯಬಾರದಾ ಅಂತ ಅನಿಸುತ್ತದೆ, ಅಲ್ವಾ? ಅದು ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತದೆ. ಉಗ್ರಾಣ ಬರಿದಾಗುತ್ತಿದ್ದರೂ ದೇಹ ಅದರ ಮಟ್ಟವನ್ನು ಹಿಡಿದಿಡುತ್ತದೆ. ಕೊರತೆ ಇದ್ದರೂ ಅದು ಸರಿಯಾಗಿಯೇ ಕಾಣಬಹುದು. ಕಿಡ್ನಿ ತೊಂದರೆಯಂಥ ಕೆಲವು ಕಾರಣಗಳಿಗೆ ಮಾತ್ರ ಡಾಕ್ಟರು ಅದನ್ನು ಬರೆಯುತ್ತಾರೆ. ಚೀಟಿಯಲ್ಲಿ "25" ಇದೆಯಾ "1,25" ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಕೌಂಟರಿನಲ್ಲಿ ಇವೆರಡು ಅದಲು ಬದಲಾಗುವುದನ್ನು ನೋಡಿದ್ದೇನೆ.

ಮಷಿನ್ ಒಳಗೆ ಏನಾಗುತ್ತದೆ?

ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಸುಮಾರು ಅರ್ಧ ಗಂಟೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಗರಗರ ತಿರುಗಿಸುತ್ತೇವೆ. ಕೆಂಪೆಲ್ಲ ತಳ ಸೇರುತ್ತದೆ, ನಡುವೆ ಜೆಲ್ಲಿನ ಒಂದು ಪದರ, ಮೇಲೆ ಜೇನಿನ ಬಣ್ಣದ ಸೀರಂ. ನಮಗೆ ಬೇಕಾದದ್ದು ಆ ಸೀರಂ.

ಅದರೊಳಗಿನ ವಿಟಮಿನ್ ಡಿ ಒಂಟಿಯಾಗಿ ಇರುವುದಿಲ್ಲ. ಹೆಚ್ಚಿನ ಪಾಲು ಒಂದು ಪ್ರೋಟೀನಿನ ಹೆಗಲೇರಿ ಕೂತಿರುತ್ತದೆ. ಮೊದಲು ಅದನ್ನು ಕೆಳಗಿಳಿಸಬೇಕು. ಆಮೇಲೆ ಮಷಿನ್ ಒಂದು ಪೈಪೋಟಿ ಏರ್ಪಡಿಸುತ್ತದೆ: ಹಿಡಿದುಕೊಳ್ಳುವ ಪ್ರತಿಕಾಯಗಳು (ಆಂಟಿಬಾಡಿ) ಇಂತಿಷ್ಟೇ ಇರುತ್ತವೆ. ನಿಮ್ಮ ರಕ್ತದ ವಿಟಮಿನ್ ಡಿ ಮತ್ತು ಕಂಪನಿಯವರು ಬೆಳಕಿನ ಗುರುತು ಅಂಟಿಸಿ ಕಳಿಸಿದ ವಿಟಮಿನ್ ಡಿ, ಎರಡೂ ಆ ಜಾಗಕ್ಕೆ ಮುಗಿಬೀಳುತ್ತವೆ. ನಿಮ್ಮದು ಕಡಿಮೆ ಇದ್ದರೆ ಗುರುತಿನದು ಜಾಸ್ತಿ ಕೂರುತ್ತದೆ, ಬೆಳಕು ಜಾಸ್ತಿ ಬರುತ್ತದೆ. ಬೆಳಕು ಹೆಚ್ಚಾದಷ್ಟೂ ನಿಮ್ಮ ಸಂಖ್ಯೆ ಕಡಿಮೆ. ದೊಡ್ಡ ಲ್ಯಾಬುಗಳಲ್ಲಿ ಇನ್ನೊಂದು ವಿಧಾನ ಇದೆ, ಮಾಸ್ ಸ್ಪೆಕ್ಟ್ರೋಮೀಟರ್. ಅದು ಪ್ರತಿಕಾಯದ ಗೊಡವೆಗೆ ಹೋಗದೆ ಅಣುವನ್ನು ಅದರ ತೂಕದಿಂದಲೇ ಗುರುತಿಸುತ್ತದೆ. ಹೆಚ್ಚು ಖಚಿತ, ಆದರೆ ದುಬಾರಿ. ನಡೆಸಲು ಪಳಗಿದ ಕೈ ಬೇಕು.

ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಈ ಟೆಸ್ಟ್ ಒಂದಕ್ಕೇ ಆದರೆ ಬೇಡ. ನಾಷ್ಟಾ ಮಾಡಿಯೇ ಬನ್ನಿ.

ಸರಿ, ಈ ಎಲೆಮಿಡತೆ ಅಂದರೆ ಯಾವುದು? ಹೊಲದ ಮಿಡತೆ ಅಲ್ವಾ?

ಅಲ್ಲ. ಹೊಲದ ಮಿಡತೆಯ ಮೀಸೆ ಗಿಡ್ಡ. ಎಲೆಮಿಡತೆಯ ಮೀಸೆ ಕೂದಲೆಳೆಯಷ್ಟು ತೆಳು, ಎಷ್ಟೋ ಸಲ ಅದರ ಮೈಗಿಂತ ಉದ್ದ. ರೆಕ್ಕೆ ಥೇಟ್ ಎಲೆ: ನಡುವಿನ ನರ, ಕವಲು ನರ, ಕೆಲವಕ್ಕೆ ಹುಳು ತಿಂದ ಎಲೆಯಂತೆ ಕಂದು ಚುಕ್ಕೆ ಕೂಡ. ಇಂಗ್ಲಿಷಿನಲ್ಲಿ ಕ್ಯಾಟಿಡಿಡ್ ಅನ್ನುತ್ತಾರೆ. ಜಗತ್ತಿನಲ್ಲಿ 8,000ಕ್ಕೂ ಹೆಚ್ಚು ಜಾತಿಗಳು ಗೊತ್ತಾಗಿವೆ. ಉಷ್ಣವಲಯದ ಕಾಡುಗಳಲ್ಲಿ ಇವುಗಳ ವೈವಿಧ್ಯ ಬಹಳ.

ಒಂದು ರಾತ್ರಿ ಅಜ್ಜಿಯ ಮನೆಯ ಹಿತ್ತಲಲ್ಲಿ, ಕರಿಬೇವಿನ ಗಿಡದ ಮೇಲೆ ಒಂದು ಕೂತಿತ್ತು. ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹತ್ತಿರ ಹೋದೆ. ಗಂಡು. ಮುಂದಿನ ಎರಡು ರೆಕ್ಕೆಗಳನ್ನು ಸ್ವಲ್ಪ ಎತ್ತಿ, ಒಂದರ ಮೇಲೆ ಒಂದು ಸರಸರ ಉಜ್ಜುತ್ತಿತ್ತು. ಎಡ ರೆಕ್ಕೆಯ ಅಡಿಯಲ್ಲಿ ಅರದಂಥ ಹಲ್ಲಿನ ಸಾಲು ಇರುತ್ತದೆ, ಬಲ ರೆಕ್ಕೆಯ ಅಂಚು ಅದರ ಮೇಲೆ ಹರಿದಾಡುತ್ತದೆ. ದನಿ ಹುಟ್ಟುವುದು ಹಾಗೆ. ಅದರ ಕಿವಿ ಎಲ್ಲಿ ಗೊತ್ತಾ? ಮುಂಗಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಸಣ್ಣ ಸೀಳಿನ ಹಾಗೆ ಕಾಣುತ್ತದೆ. ಕೊಲಂಬಿಯಾದ ಗೊರ್ಗೋನಾ ದ್ವೀಪದ ಒಂದು ಎಲೆಮಿಡತೆಯ ಕಿವಿಯೊಳಗೆ ನಮ್ಮ ಕಿವಿಯಂತೆಯೇ ತಮಟೆ, ಸನ್ನೆಗೋಲು, ದ್ರವ ತುಂಬಿದ ಕೊಳವೆ ಮೂರೂ ಇವೆ ಅಂತ 2012ರಲ್ಲಿ ಗೊತ್ತಾಯಿತು. ಸಾಸಿವೆ ಕಾಳಿಗಿಂತ ಚಿಕ್ಕ ಜಾಗದಲ್ಲಿ ಇಷ್ಟೆಲ್ಲ!

ಕತ್ತಲಲ್ಲಿ ಕೂತು, ಕಣ್ಣಿಗೆ ಕಾಣದ ಹುಳುಗಳ ಜಾತಿ ಎಣಿಸೋಕೆ ಆಗುತ್ತಾ?

ಆಗುತ್ತದೆ. ಒಂದೊಂದು ಜಾತಿಯ ಗಂಡಿನ ಹಾಡು ಒಂದೊಂದು ಥರ. ಒಂದೇ ಜಾತಿಯ ಹೆಣ್ಣಿಗೆ ಗುರುತು ಸಿಗಬೇಕಲ್ಲ, ಅದಕ್ಕೆ. ಕಿವಿ ಪಳಗಿದರೆ ಹಾಡು ಕೇಳಿಯೇ ಜಾತಿ ಹೇಳಬಹುದು. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಾಪದ ಎರಡು ಸ್ವರ ಕೇಳಿ ರಾಗ ಹೇಳುವವರು ನಮ್ಮ ಓಣಿಗೊಬ್ಬರು ಇದ್ದಾರೆ.

ಇದು ಬರೀ ಹವ್ಯಾಸದ ಮಾತಲ್ಲ. ಕುದುರೆಮುಖದ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ತಂಡ ಇದನ್ನೇ ಪರೀಕ್ಷೆಗೆ ಒಡ್ಡಿತು. ತರಬೇತಿ ಪಡೆದ ಮನುಷ್ಯರ ಕಿವಿಯ ಲೆಕ್ಕವನ್ನು ನಂಬಬಹುದು, ಒಂದು ಹುಳುವನ್ನೂ ಹಿಡಿಯದೆ, ಕೊಲ್ಲದೆ ಕಾಡಿನ ಚಿಮ್ಮಂಡೆ, ಎಲೆಮಿಡತೆಗಳ ವೈವಿಧ್ಯದ ಮೇಲೆ ಕಣ್ಣಿಡಬಹುದು ಅಂತ 2007ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅದನ್ನು ತಿಳಿದ ದಿನ ನನಗೆ ಆದ ಖುಷಿ ದೊಡ್ಡದು. ನನ್ನ ವಹಿಯ ಗೀಚುಗಳಿಗೂ ಒಂದು ಬೆಲೆ ಬಂದಂತೆ ಅನಿಸಿತು.

ನೋಡಲು ಒಂದೇ ಥರ ಇದ್ದರೆ ಒಂದೇ ಜಾತಿ ಅನ್ನಬಹುದಲ್ವಾ?

ಅಲ್ಲೇ ಎಡವುವುದು. ದಕ್ಷಿಣ ಭಾರತದ ಮೆಕೊಪೊಡಾ ಅನ್ನುವ ಎಲೆಮಿಡತೆಗಳನ್ನು ನೋಡಿ. ಸಾಲಾಗಿ ಇಟ್ಟರೆ ಯಾವುದು ಯಾವುದೆಂದು ಹೇಳಲಾಗದು. ಆದರೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವುಗಳಲ್ಲಿ ಐದು ಬಗೆಯ ಹಾಡು ಗುರುತಿಸಿತು. ಒಂದು ಹೆಲಿಕಾಪ್ಟರಿನಂತೆ, ಒಂದು ರೈಲಿನಂತೆ, ಒಂದು ಜೋಡಿ ಜೋಡಿಯಾಗಿ ಚಿರ್‌ಚಿರ್ ಅನ್ನುವುದು, ಹೀಗೆ. ಕಣ್ಣಿನ ಲೆಕ್ಕದಲ್ಲಿ ಒಂದು, ಕಿವಿಯ ಲೆಕ್ಕದಲ್ಲಿ ಐದು. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಟ್ಟ ಹುಳು ಹಾಡುವುದಿಲ್ಲ. ಹಾಗಾಗಿ ಇಂಥ ವೈವಿಧ್ಯ ಎಷ್ಟೋ ವರ್ಷ ಯಾರ ಗಮನಕ್ಕೂ ಬರದೆ ಉಳಿಯುತ್ತದೆ.

ಕೂಸಿನ ವಿಟಮಿನ್ ಡಿ ರಿಪೋರ್ಟ್ ನಂಬಬಹುದಾ?

ಮೆಕೊಪೊಡಾ ಕಥೆ ಹೇಳಿದ ಮೇಲೆ ಇದನ್ನು ವಿವರಿಸುವುದು ಸುಲಭ. ಎಳೆಯ ಕೂಸುಗಳ ರಕ್ತದಲ್ಲಿ ವಿಟಮಿನ್ ಡಿಯ ಒಂದು ಜೋಡಿ ರೂಪ ಜಾಸ್ತಿ ಇರುತ್ತದೆ, ಅದಕ್ಕೆ 3-ಎಪಿ ಅನ್ನುತ್ತಾರೆ. ಅಣುವಿನ ಒಂದು ಮೂಲೆಯಲ್ಲಿ ಒಂದು ಗುಂಪು ಮೇಲ್ಮುಖದ ಬದಲು ಕೆಳಮುಖವಾಗಿರುತ್ತದೆ, ಅಷ್ಟೇ. ತೂಕ ಎರಡಕ್ಕೂ ಒಂದೇ. ತೂಕ ನೋಡಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಎರಡೂ ಒಂದೇ ಅನಿಸುತ್ತದೆ. ಮೊದಲೇ ಅವನ್ನು ಬೇರ್ಪಡಿಸದಿದ್ದರೆ ಎರಡನ್ನೂ ಕೂಡಿಸಿ ದೊಡ್ಡ ಸಂಖ್ಯೆ ಕೊಟ್ಟುಬಿಡುತ್ತದೆ. ಪ್ರತಿಕಾಯದ ಮಷಿನುಗಳು ಹೆಚ್ಚಾಗಿ ಈ ಜೋಡಿ ರೂಪವನ್ನು ಹಿಡಿಯುವುದಿಲ್ಲ. ದುಬಾರಿ ಮಷಿನ್ ಎಡವುವ ಕಡೆ ಅಗ್ಗದ್ದು ಗೆಲ್ಲುವುದೂ ಉಂಟು! ವರ್ಷದೊಳಗಿನ ಕೂಸಿನ ಟೆಸ್ಟನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮಾಡಿಸುವುದಾದರೆ "ಎಪಿ ಬೇರೆ ಮಾಡುತ್ತೀರಾ?" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕಿವಿಗೆ ಕೇಳಿಸದೇ ಹೋಗುವ ಎಲೆಮಿಡತೆಗಳೂ ಇವೆಯಾ?

ಬೇಕಾದಷ್ಟು. ನಾನು ವಹಿಯಲ್ಲಿ "ಇಂದು 9 ಬಗೆ" ಅಂತ ಬರೆದರೆ, ಕಾಡಿನಲ್ಲಿ ಒಂಬತ್ತೇ ಇವೆ ಅಂತ ಅರ್ಥ ಅಲ್ಲ.

ಮೊದಲನೆಯದಾಗಿ, ಹಾಡುವುದು ಸಾಮಾನ್ಯವಾಗಿ ಗಂಡು. ಹೆಣ್ಣುಗಳು ನನ್ನ ಲೆಕ್ಕಕ್ಕೇ ಸಿಗುವುದಿಲ್ಲ. ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಹಾಡುವ ಗಂಡನ್ನು ಬಾವಲಿ ದನಿ ಹಿಡಿದು ಬಂದು ತಿನ್ನುತ್ತದೆ, ಸುಮ್ಮನಿರುವ ಹೆಣ್ಣು ಬಚಾವ್ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 2015ರಲ್ಲಿ ಬಂದ ಅಧ್ಯಯನವೊಂದು ದಕ್ಷಿಣ ಭಾರತದ ಒಂದು ಬಾವಲಿಯನ್ನು ಗಮನಿಸಿ ಇದಕ್ಕೆ ತದ್ವಿರುದ್ಧ ಹೇಳಿತು: ಹಾಡುವ ಗಂಡಿಗಿಂತ ಮೌನವಾಗಿರುವ ಹೆಣ್ಣಿಗೇ ಅಪಾಯ ಜಾಸ್ತಿ. ಹಾಡು ಕೇಳಿ ಗಂಡಿನತ್ತ ಹಾರಿ ಹೋಗಬೇಕಾದದ್ದು ಅವಳೇ ಅಲ್ವಾ?

ಎರಡನೆಯದು, ದನಿಯ ಎತ್ತರ. ಅದನ್ನು ಕಿಲೋಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಾದಷ್ಟೂ ದನಿ ಕೀರಲು. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳಬಲ್ಲದು. ವಯಸ್ಸಾದಂತೆ ಅದೂ ಇಳಿಯುತ್ತದೆ. ನನ್ನ ತಂಗಿಯ ಮಗಳಿಗೆ ಕೇಳುವ ಒಂದು ಸಣ್ಣ "ಝೀ" ಈಗ ನನಗೆ ಕೇಳುವುದಿಲ್ಲ. ದಕ್ಷಿಣ ಅಮೆರಿಕದ ಮಳೆಕಾಡಿನ ಸೂಪರ್‌ಸೋನಸ್ ಅನ್ನುವ ಎಲೆಮಿಡತೆಯಂತೂ 150 ಕಿಲೋಹರ್ಟ್ಸ್‌ನಲ್ಲಿ ಹಾಡುತ್ತದೆ ಅಂತ 2014ರಲ್ಲಿ ಗೊತ್ತಾಯಿತು. ಅದು ಪಕ್ಕದಲ್ಲೇ ಕಿರುಚಿದರೂ ನಮಗೆ ನಿಶ್ಶಬ್ದ. ಮೊಬೈಲಿನ ರೆಕಾರ್ಡಿಂಗೂ ಸಾಮಾನ್ಯವಾಗಿ 20ರ ಆಸುಪಾಸಿಗೇ ನಿಲ್ಲುತ್ತದೆ.

ಮೂರನೆಯದು, ಹಾಡಲು ಹಿಂಜರಿಯುವ ಜಾತಿಗಳು. ಪನಾಮದ ಬಾರೊ ಕೊಲರಾಡೊ ದ್ವೀಪದ ಕಾಡಿನಲ್ಲಿ ಎಲೆಮೇಲಿನ ಹುಳುಗಳನ್ನೇ ಹೆಕ್ಕಿ ತಿನ್ನುವ ಬಾವಲಿಗಳಿವೆ. ಅಲ್ಲಿನ ಎಷ್ಟೋ ಎಲೆಮಿಡತೆಗಳು ಬಹಳ ಅಪರೂಪಕ್ಕೆ, ಕ್ಷಣ ಮಾತ್ರ ಹಾಡುತ್ತವೆ. ಉಳಿದ ಹೊತ್ತು ಮೈ ನಡುಗಿಸಿ, ಟೊಂಗೆಯ ಮೂಲಕವೇ ಕಂಪನ ಕಳಿಸುತ್ತವೆ. ಆ ಟೊಂಗೆಯ ಮೇಲೆ ಕೂತ ಹೆಣ್ಣಿಗೆ ಮಾತ್ರ ಸುದ್ದಿ ಮುಟ್ಟುತ್ತದೆ. ಇದನ್ನು 1987ರಲ್ಲೇ ಗುರುತಿಸಿದ್ದರು. ಅಂಥ ಕಾಡಿನಲ್ಲಿ ಒಂದು ರಾತ್ರಿ ಕೂತು "ಇಲ್ಲಿ ಮಿಡತೆ ಕಡಿಮೆ" ಅಂದರೆ ತಪ್ಪಾಗುತ್ತದೆ.

ಹಾಗೆ ಮಷಿನಿನ ಕಣ್ಣು ತಪ್ಪಿಸುವಂಥದ್ದು ನಮ್ಮ ರಕ್ತದಲ್ಲೂ ಇದೆಯಾ?

ಇದೆ. ವಿಟಮಿನ್ ಡಿಯಲ್ಲಿ ಡಿ2, ಡಿ3 ಅಂತ ಎರಡು. ಬಿಸಿಲು, ಮೀನು, ಮೊಟ್ಟೆ ಕೊಡುವುದು ಡಿ3. ಅಣಬೆಯಿಂದ, ಕೆಲವು ಗುಳಿಗೆಗಳಿಂದ ಬರುವುದು ಡಿ2. ಪ್ರತಿಕಾಯದ ಕೆಲವು ಟೆಸ್ಟುಗಳು ಡಿ2ವನ್ನು ಪೂರ್ತಿ ಹಿಡಿಯುವುದಿಲ್ಲ. ಡಿ2 ಗುಳಿಗೆ ತಿಂಗಳುಗಟ್ಟಲೆ ತಿಂದರೂ ಸಂಖ್ಯೆ ಏರದಿದ್ದರೆ ಇದೂ ಒಂದು ಕಾರಣ ಇರಬಹುದು. ನಿಮ್ಮ ಗುಳಿಗೆಯ ಚೀಟಿ ನೋಡಿ. ಕೊಲೆಕ್ಯಾಲ್ಸಿಫೆರಾಲ್ ಅಂದರೆ ಡಿ3, ಎರ್ಗೊಕ್ಯಾಲ್ಸಿಫೆರಾಲ್ ಅಂದರೆ ಡಿ2.

ಬಸುರಿಯರಲ್ಲಿ ವಿಟಮಿನ್ ಡಿ ಹೊರುವ ಪ್ರೋಟೀನ್ ಜಾಸ್ತಿಯಾಗುತ್ತದೆ. ಅದರ ಹೆಗಲಿಂದ ಪೂರ್ತಿ ಇಳಿಸಲು ಕೆಲವು ಮಷಿನುಗಳಿಗೆ ಆಗುವುದಿಲ್ಲ, ಅಳತೆ ವಾಲುತ್ತದೆ. ಲಿವರ್ ಕಾಯಿಲೆಯವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲೂ ಇಂಥ ತೊಡಕು ಇದೆ.

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು ಬಯೋಟಿನ್ ಅನ್ನುವ ಬಿ ಗುಂಪಿನ ವಿಟಮಿನ್ ಬಗ್ಗೆ. ಕೂದಲು, ಉಗುರಿಗೆ ಅಂತ ತಿನ್ನುವ ಗುಳಿಗೆಗಳಲ್ಲಿ ಇದು ಭಾರೀ ಪ್ರಮಾಣದಲ್ಲಿ ಇರುತ್ತದೆ. ಕೆಲವು ಮಷಿನುಗಳು ತಮ್ಮ ಒಳಗಿನ ಜೋಡಣೆಗೆ ಬಯೋಟಿನ್ನನ್ನೇ ಬಳಸುತ್ತವೆ. ನಿಮ್ಮ ರಕ್ತದಲ್ಲೂ ಅದು ತುಂಬಿದ್ದರೆ ಲೆಕ್ಕ ಕೆಡುತ್ತದೆ. ಅಂಥ ಮಷಿನಿನಲ್ಲಿ ವಿಟಮಿನ್ ಡಿ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಕೊರತೆ ಇದ್ದವರಿಗೂ "ಸರಿ ಇದೆ" ಅಂತ ರಿಪೋರ್ಟ್ ಬರಬಹುದು. ಬಯೋಟಿನ್ನಿನಿಂದ ರಕ್ತದ ಟೆಸ್ಟುಗಳು ತಪ್ಪುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತ್ತು. ರಕ್ತ ಕೊಡುವಾಗ ದಯವಿಟ್ಟು ಹೇಳಿ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಡಾಕ್ಟರನ್ನು ಕೇಳಿ.

ಹುಬ್ಬಳ್ಳಿಯಲ್ಲಿ ಇಷ್ಟು ಬಿಸಿಲಿದೆ. ಆದರೂ ಯಾಕೆ ಕಡಿಮೆ?

ಬಿಸಿಲು ಊರಿಗಿದೆ, ನಮ್ಮ ಚರ್ಮಕ್ಕೆ ಬೀಳುತ್ತಿಲ್ಲ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವುದು ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣ. ಅದು ಕಿಟಕಿ ಗಾಜು ದಾಟಿ ಬರುವುದಿಲ್ಲ. ಸೂರ್ಯ ತಗ್ಗಿನಲ್ಲಿದ್ದಾಗ ವಾತಾವರಣವೇ ಅದನ್ನು ತಡೆಯುತ್ತದೆ. "ಬೆಳಿಗ್ಗೆ ಆರೂವರೆಯ ಎಳೆ ಬಿಸಿಲು ಒಳ್ಳೆಯದು" ಅಂತ ನಮ್ಮ ಹಿರಿಯರು ಹೇಳುತ್ತಾರೆ. ನಡೆದಾಡಲು ಖಂಡಿತ ಒಳ್ಳೆಯದು, ಆದರೆ ವಿಟಮಿನ್ ಡಿಗೆ ಅದರಿಂದ ಹೆಚ್ಚೇನೂ ಸಿಗದು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದಾಗಿನ ಬಿಸಿಲು ಬೇಕು. ನಾವು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ, ವರ್ಷವಿಡೀ ಆ ಬಿಸಿಲು ಸಿಗುತ್ತದೆ. ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಟಮಟ ಮಧ್ಯಾಹ್ನ ನಿಲ್ಲಬೇಡಿ. ಹತ್ತು ಗಂಟೆಯ ಹೊತ್ತಿಗೆ ಕೈಕಾಲು ತೆರೆದು ಅಂಗಳದಲ್ಲಿ ಕೂತು ಸೊಪ್ಪು ಸೋಸಿದರೂ ಆಯಿತು. ನಾನು ಹಗಲು ಲ್ಯಾಬಿನೊಳಗೆ, ರಾತ್ರಿ ಕಾಡಿನಂಚಿನಲ್ಲಿ. ನನಗೆ 18 ಬಂದದ್ದು ಆಶ್ಚರ್ಯ ಅಲ್ಲ.

20 ಸಾಕಾ, 30 ಬೇಕಾ?

ಇದರಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2010ರಲ್ಲಿ, ಬಹುತೇಕ ಎಲ್ಲರ ಎಲುಬಿಗೂ 20 ಸಾಕು ಅಂತ ಹೇಳಿತು. ಮರುವರ್ಷ ಹಾರ್ಮೋನ್ ತಜ್ಞರ ಸಂಘ 30 ಬೇಕು ಅಂದಿತು. ಅದೇ ಸಂಘ 2024ರ ಹೊಸ ಮಾರ್ಗಸೂಚಿಯಲ್ಲಿ ಆ 30ರ ಗೆರೆಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವವರಿಗೆ ಸುಮ್ನೆ ಟೆಸ್ಟ್ ಮಾಡುತ್ತಾ ಹೋಗುವುದು ಬೇಡ ಅಂತಲೂ ಹೇಳಿತು. ಆದರೆ ಎಷ್ಟೋ ರಿಪೋರ್ಟುಗಳಲ್ಲಿ ಹಳೆಯ 30 ಇನ್ನೂ ಅಚ್ಚಾಗುತ್ತಿದೆ. 28 ಬಂದವರು ಮುಖ ಸಣ್ಣ ಮಾಡಿಕೊಂಡು ನಿಂತಾಗ ನನಗೆ ಬೇಜಾರಾಗುತ್ತದೆ. ಏರುಪೇರಿನ ಲೆಕ್ಕ ಹಿಡಿದರೆ 28 ಮತ್ತು 30ರ ನಡುವೆ ವ್ಯತ್ಯಾಸವೇ ಇಲ್ಲ. ಎಲುಬು ನೋವು, ಸ್ನಾಯು ಸೋತು ಹೋಗುವುದು, ಕಿಡ್ನಿ ತೊಂದರೆ, ಫಿಟ್ಸ್ ಗುಳಿಗೆ ನುಂಗುವವರು, ಇಂಥವರಿಗೆ ಟೆಸ್ಟ್ ಉಪಯೋಗ. ಅಂಥ ಕಡೆ ಡಾಕ್ಟರು ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹಿಡಿತದಲ್ಲಿಡುವ ಹಾರ್ಮೋನ್), ಆಲ್ಕಲೈನ್ ಫಾಸ್ಫಟೇಸ್ (ಎಲುಬಿನ ಸುಳಿವು ಕೊಡುವ ಕಿಣ್ವ) ಜೊತೆಗಿಟ್ಟು ನೋಡುತ್ತಾರೆ.

60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ ನಾನೇ ತಂದು ತಿನ್ನಬಹುದಾ?

ಬೇಡ. ನಮ್ಮ ದೇಶದ ಶಿಫಾರಸಿನ ಪ್ರಕಾರ ದಿನಕ್ಕೆ 600 ಯೂನಿಟ್ ಸಾಕು. ಒಂದು ಪ್ಯಾಕೆಟ್ಟು ಅಂದರೆ ನೂರು ದಿನದ ಪಾಲು. ಡಾಕ್ಟರು ವಾರಕ್ಕೊಂದು ಅಂತ ಕೆಲವು ವಾರಗಳಿಗೆ ಬರೆದದ್ದನ್ನು ದಿನಕ್ಕೊಂದು ಅಂತ ತಿಳಿದು ತಿಂದು ಬಂದವರನ್ನು ನೋಡಿದ್ದೇನೆ. ಹಾವೇರಿ ಕಡೆಯ ಒಬ್ಬ ಕಾಕಾ ವಾಂತಿ, ಬಾಯಾರಿಕೆ, ಮಲಬದ್ಧತೆ ಅಂತ ಬಂದಿದ್ದರು. ಅವರ ಸಂಖ್ಯೆ 150 ದಾಟಿತ್ತು. ಇದು ಕೊಬ್ಬಿನಲ್ಲಿ ಕರಗಿ ಉಳಿಯುವ ವಿಟಮಿನ್, ಬೇಗ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಗುಳಿಗೆ ಶುರು ಮಾಡಿದ ಮೇಲೆ ಮತ್ತೆ ಟೆಸ್ಟ್ ಬೇಕಿದ್ದರೆ ಮೂರು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ ಮಾಡಿಸಿ. ಮಷಿನ್ ಒಂದೇ ಆದರೆ ಹೋಲಿಸಬಹುದು.

ಒಳ್ಳೆಯ ಲ್ಯಾಬ್ ಅಂತ ಗೊತ್ತಾಗುವುದು ಹೇಗೆ?

ಮೂರು ಕೇಳಿ. ಯಾವ ವಿಧಾನ? ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ಪರೀಕ್ಷಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಲ್ಲಿ ಈ ಟೆಸ್ಟೂ ಸೇರಿದೆಯಾ? ಹೊರಗಿನವರು ಕಳಿಸುವ ಗುಟ್ಟಿನ ಸ್ಯಾಂಪಲ್ ಓಡಿಸುತ್ತೀರಾ? ಈ ಕೊನೆಯದು ಮುಖ್ಯ. ಉತ್ತರ ಗೊತ್ತಿಲ್ಲದ ಸ್ಯಾಂಪಲ್ ಬರುತ್ತದೆ, ನಾವು ಅಳೆದು ಕಳಿಸುತ್ತೇವೆ, ಬೇರೆ ಲ್ಯಾಬುಗಳ ಜೊತೆ ನಮ್ಮದನ್ನು ಹೋಲಿಸಿ ಅಂಕ ಕೊಡುತ್ತಾರೆ. ವಿಟಮಿನ್ ಡಿಗೆಂದೇ ಬ್ರಿಟನ್ನಿನಲ್ಲಿ ಇಂಥದ್ದೊಂದು ಯೋಜನೆ 1989ರಿಂದ ನಡೆಯುತ್ತಿದೆ. ಆ ಸ್ಯಾಂಪಲ್ ಬಂದ ದಿನ ನನಗೆ ಈಗಲೂ ಪರೀಕ್ಷೆಯ ದಿನದ ಢವಢವ.

ನಾವೂ ಎಲೆಮಿಡತೆ ಕೇಳಬೇಕು. ಎಲ್ಲಿಗೆ ಹೋಗಬೇಕು?

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಡಿ. ಕಲಘಟಗಿ ದಾಟುತ್ತಿದ್ದಂತೆ ಹತ್ತಿ, ಗೋವಿನಜೋಳದ ಹೊಲ ಹಿಂದೆ ಸರಿದು ತೇಗದ ಕಾಡು ಶುರುವಾಗುತ್ತದೆ. ಯಲ್ಲಾಪುರದ ಹೊತ್ತಿಗೆ ಪೂರ್ತಿ ಮಲೆನಾಡು. ಮೀಸಲು ಅರಣ್ಯದೊಳಗೆ ರಾತ್ರಿ ಅನುಮತಿ ಇಲ್ಲದೆ ಹೋಗುವಂತಿಲ್ಲ, ಹೋಗುವ ಅಗತ್ಯವೂ ಇಲ್ಲ. ಊರಂಚಿನ ತೋಟ ಸಾಕು. ಗದಗಿನವರಿಗೆ ಕಪ್ಪತಗುಡ್ಡ ಹತ್ತಿರ. ಅದು ಒಣ ಕುರುಚಲು ಕಾಡು, ಅಲ್ಲಿನ ಮೇಳವೇ ಬೇರೆ.

ಜೋರು ಮಳೆಯಲ್ಲಿ ಏನೂ ಕೇಳುವುದಿಲ್ಲ. ದಸರೆಯಿಂದ ದೀಪಾವಳಿಯ ನಡುವೆ ಹೋಗಿ. ಕತ್ತಲಾದ ಮೇಲೆ ಟಾರ್ಚ್ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂತುಬಿಡಿ. ಮೊದಲು ಎಲ್ಲ ಒಂದೇ ಗದ್ದಲ ಅನಿಸುತ್ತದೆ. ಆಮೇಲೆ ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತದೆ. ಪೊದೆಯಿಂದ ಬರುವುದು ಬೇರೆ, ಎತ್ತರದಿಂದ ಬರುವುದು ಬೇರೆ. ದೊಡ್ಡ ಹಲಸಿನ ಮರ ಸಿಕ್ಕರೆ ಅದರ ಕೆಳಗೇ ಕೂರಿ. ಓನೊಮಾರ್ಕಸ್ ಅನ್ನುವ ಎಲೆಮಿಡತೆ ಹಲಸಿನ ಮರದ ಮೇಲ್ಗೊಂಬೆಗಳಲ್ಲಿ ಇರುತ್ತದೆ. ಇದರ ದನಿ 3.2 ಕಿಲೋಹರ್ಟ್ಸ್ ಮಾತ್ರ, ಎಲೆಮಿಡತೆಗಳಲ್ಲಿ ಇಷ್ಟು ತಗ್ಗು ದನಿ ಅಪರೂಪ. ಅಜ್ಜಿಗೆ ಎಂಬತ್ತು ದಾಟಿದೆ, ಪೊದೆಯ ಯಾವ ಹಾಡೂ ಈಗ ಕೇಳುವುದಿಲ್ಲ. ಹಲಸಿನ ಮರದ ಈ ಸಿಳ್ಳೆ ಮಾತ್ರ ಕೇಳುತ್ತದೆ. ಅದು ಶುರುವಾದ ಕೂಡಲೇ ಕಟ್ಟೆ ಮೇಲಿಂದ ನನ್ನನ್ನು ಕೂಗುತ್ತಾಳೆ: "ಬಾರs, ನಿಂದು ಬಂತ ನೋಡು. ಬರಕೋ."